ಐವತ್ತು ಲಕ್ಷ ಚೀಟಿಗಳ ಪುಸ್ತಕ

1879ರಲ್ಲಿ ಲಂಡನ್ನಿನ ಹೊರವಲಯದ ಮಿಲ್ ಹಿಲ್ ಎಂಬಲ್ಲಿ ಒಬ್ಬ ಶಾಲಾ ಮಾಸ್ತರರ ಮನೆಗೆ ಚೀಲಗಟ್ಟಲೆ ಕಾಗದ ಬಂದು ಬಿತ್ತು. ಎಲ್ಲ ಸೇರಿ ಸುಮಾರು ಎರಡು ಟನ್ ತೂಕ. ಒಂದು ಚೀಲವನ್ನು ಬಿಚ್ಚಿದರೆ ಒಳಗೆ ಸತ್ತ ಇಲಿ. ಇನ್ನೊಂದರಲ್ಲಿ ಜೀವಂತ ಇಲಿಯೊಂದು ಮರಿಗಳ ಸಮೇತ ಸಂಸಾರ ಹೂಡಿತ್ತು. ಎಷ್ಟೋ ಕಟ್ಟುಗಳು ಬಂದೇ ಇರಲಿಲ್ಲ. ವಿಚಾರಿಸಿದಾಗ ‘ಎಚ್’ ಅಕ್ಷರದ ಕಟ್ಟು ಇಟಲಿಯ ಫ್ಲಾರೆನ್ಸ್ ನಗರದಲ್ಲಿರುವುದು ತಿಳಿಯಿತು. ‘ಪಿ’ ಅಕ್ಷರದ ಒಂದು ಭಾಗ ಐರ್ಲೆಂಡಿನ ಕುದುರೆ ಲಾಯವೊಂದರಲ್ಲಿ ಸಿಕ್ಕಿತು. ಅದರಲ್ಲಿ ಬಹುಪಾಲು ಅಷ್ಟರಲ್ಲಿ ಒಲೆ ಹೊತ್ತಿಸಲು ಖರ್ಚಾಗಿ ಹೋಗಿತ್ತು.

ಆ ಮಾಸ್ತರರ ಹೆಸರು ಜೇಮ್ಸ್ ಮರ್ರೆ. ಇಂದು ಜಗತ್ತಿನ ಗ್ರಂಥಾಲಯಗಳಲ್ಲೆಲ್ಲ ಗೌರವದ ಜಾಗ ಪಡೆದಿರುವ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಹುಟ್ಟಿದ್ದು ಈ ಇಲಿ ಕಡಿದ ಕಾಗದದ ರಾಶಿಯಿಂದ. ಅದನ್ನು ರಚಿಸಿದವರು ಯಾರು ಎಂದು ಕೇಳಿದರೆ ಮರ್ರೆ ಮತ್ತು ಆತನ ನಂತರದ ಸಂಪಾದಕರ ಹೆಸರು ಹೇಳುವುದು ರೂಢಿ. ಅದು ಅರ್ಧ ಉತ್ತರ ಮಾತ್ರ. ಇನ್ನರ್ಧ ಉತ್ತರ, ಸಂಬಳವಿಲ್ಲದೆ ಮನೆಯಲ್ಲಿ ಕುಳಿತು ಪುಸ್ತಕ ಓದಿ, ಅಂಗೈಯಗಲದ ಚೀಟಿಯ ಮೇಲೆ ಒಂದೊಂದು ವಾಕ್ಯ ಬರೆದು ಅಂಚೆಗೆ ಹಾಕಿದ ಸಾವಿರಾರು ಮಂದಿ. ಪಾದ್ರಿಗಳು, ಶಾಲಾ ಶಿಕ್ಷಕರು, ಗೃಹಿಣಿಯರು, ನಿವೃತ್ತ ಅಧಿಕಾರಿಗಳು. ಒಬ್ಬನಂತೂ ಕೊಲೆ ಮಾಡಿ ಹುಚ್ಚಾಸ್ಪತ್ರೆ ಸೇರಿದವನು.

ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತದೆ ನಮ್ಮ ಗಾದೆ. ಆದರೆ ಹನಿಗಳು ತಾವಾಗಿ ಕೂಡಿ ಹಳ್ಳವಾಗುವುದಿಲ್ಲ. ನೆಲ ಇಳಿಜಾರಾಗಿರಬೇಕು, ದಡ ಬೇಕು. ದೊಡ್ಡದೊಂದು ವಿದ್ವತ್ ಕಾರ್ಯವನ್ನು ಸಣ್ಣ ಸಣ್ಣ ಚೂರುಗಳಾಗಿ ಒಡೆದು ಜನರ ಕೈಗೆ ಹಂಚಿದರೆ ಏನಾಗುತ್ತದೆ, ಯಾವಾಗ ಅದು ಹಳ್ಳವಾಗುತ್ತದೆ, ಯಾವಾಗ ಬರಿಯ ಕೆಸರಾಗುತ್ತದೆ ಎಂಬುದಕ್ಕೆ ಈ ನಿಘಂಟಿನ ಕಥೆಯಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಒಬ್ಬನಿಂದ ಆಗದ ಕೆಲಸ

ಇಂಗ್ಲಿಷಿನಲ್ಲಿ ಅದಕ್ಕೆ ಮೊದಲು ನಿಘಂಟುಗಳಿರಲಿಲ್ಲವೆಂದಲ್ಲ. ಸ್ಯಾಮ್ಯುಯಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ನಿಘಂಟು ನೂರು ವರ್ಷ ಕಾಲ ಪ್ರಮಾಣವಾಗಿತ್ತು. ನಾಲ್ಕಾರು ಬರಹಗಾರರ ನೆರವು ಬಿಟ್ಟರೆ ಅದು ಹೆಚ್ಚುಕಡಿಮೆ ಒಬ್ಬನೇ ಮಾಡಿದ ಸಾಹಸ. 1857ರಲ್ಲಿ ಲಂಡನ್ನಿನ ಭಾಷಾಶಾಸ್ತ್ರ ಸಂಘದ ಮುಂದೆ ರಿಚರ್ಡ್ ಷೆನೆವಿಕ್ಸ್ ಟ್ರೆಂಚ್ ಎಂಬ ಪಾದ್ರಿ ಎರಡು ಪ್ರಬಂಧಗಳನ್ನು ಓದಿ, ಇರುವ ನಿಘಂಟುಗಳ ಕೊರತೆಗಳನ್ನು ಎತ್ತಿ ತೋರಿಸಿದ. ಒಳ್ಳೆಯ ಪದ, ಕೆಟ್ಟ ಪದ ಎಂದು ಆರಿಸುವುದು ನಿಘಂಟುಕಾರನ ಕೆಲಸವಲ್ಲ. ಭಾಷೆಯಲ್ಲಿ ಬಳಕೆಯಾದ ಪ್ರತಿಯೊಂದು ಪದವೂ ಯಾವಾಗ ಹುಟ್ಟಿತು, ಅರ್ಥ ಹೇಗೆ ಬದಲಾಯಿತು, ಯಾವಾಗ ಸತ್ತಿತು ಎಂಬ ಜೀವನಚರಿತ್ರೆಯನ್ನು ಬರೆಯುವುದೇ ಆತನ ಕೆಲಸ ಎಂಬುದು ಟ್ರೆಂಚನ ವಾದ.

ಇದರ ಅರ್ಥ ನಮಗೆ ಮನದಟ್ಟಾಗಬೇಕಾದರೆ ‘ಎಣ್ಣೆ’ ಎಂಬ ಮಾತನ್ನೇ ನೋಡಬಹುದು. ಎಳ್ಳಿನ ‘ನೆಯ್’ ಎಂಬುದರಿಂದ ಬಂದ ಈ ಪದಕ್ಕೆ ಮೊದಲಿದ್ದ ಅರ್ಥ ಎಳ್ಳೆಣ್ಣೆ ಒಂದೇ. ಈಗ ಕೊಬ್ಬರಿ ಎಣ್ಣೆಯೂ ಎಣ್ಣೆ, ಕಡಲೆಕಾಯಿ ಎಣ್ಣೆಯೂ ಎಣ್ಣೆ, ಎಳ್ಳಿಗೂ ತನಗೂ ಸಂಬಂಧವೇ ಇಲ್ಲದ ಸೀಮೆಎಣ್ಣೆಯೂ ಎಣ್ಣೆಯೇ. ಈ ಬದಲಾವಣೆ ಯಾವ ಕಾಲದಲ್ಲಿ ಆಯಿತು ಎಂದು ಹೇಳಬೇಕಾದರೆ ಊಹೆ ಸಾಲದು. ಪ್ರತಿ ಶತಮಾನದ ಪುಸ್ತಕಗಳನ್ನು ಓದಿ, ಆ ಪದ ಬಂದಿರುವ ವಾಕ್ಯಗಳನ್ನು ಹೆಕ್ಕಿ, ಕಾಲಾನುಕ್ರಮದಲ್ಲಿ ಜೋಡಿಸಬೇಕು. ಒಂದು ಪದಕ್ಕೆ ಇಷ್ಟು. ಲಕ್ಷಗಟ್ಟಲೆ ಪದಗಳಿಗೆ? ಒಂದು ಭಾಷೆಯ ಸಮಸ್ತ ಸಾಹಿತ್ಯವನ್ನು ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಓದಿ ಮುಗಿಸಲಾರ. ಓದುವ ಕೆಲಸವನ್ನು ಜನರಿಗೆ ಹಂಚುವುದೊಂದೇ ದಾರಿ ಎಂದು ಸಂಘ ನಿರ್ಧರಿಸಿತು.

ಮೊದಲ ಸೋಲು

ಮೊದಲ ಸಂಪಾದಕನಾದವನು ಹರ್ಬರ್ಟ್ ಕೋಲ್‌ರಿಜ್. ಪ್ರಸಿದ್ಧ ಕವಿ ಸ್ಯಾಮ್ಯುಯಲ್ ಟೇಲರ್ ಕೋಲ್‌ರಿಜ್‌ನ ಮೊಮ್ಮಗ. ಬರುವ ಚೀಟಿಗಳನ್ನು ವಿಂಗಡಿಸಿ ಇಡಲು ಈತ 54 ಖಾನೆಗಳ ಒಂದು ಮರದ ಕಪಾಟು ಮಾಡಿಸಿಕೊಂಡ. ಒಂದು ಲಕ್ಷ ಚೀಟಿಗಳು ತುಂಬಿದರೆ ಕೆಲಸ ಮುಗಿದಂತೆ ಎಂದು ಭಾವಿಸಿದ್ದ. ಆದರೆ 1861ರಲ್ಲಿ, ಕೇವಲ 30ರ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡ. ಇನ್ನು ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದಾಗ, “ಹಾಗಾದರೆ ನಾಳೆಯೇ ಸಂಸ್ಕೃತ ಕಲಿಯಲು ಶುರು ಮಾಡಬೇಕು” ಎಂದನಂತೆ.

ಆತನ ನಂತರ ಬಂದ ಫ್ರೆಡರಿಕ್ ಫರ್ನಿವಲ್ ಮಹಾ ಉತ್ಸಾಹಿ. ಕಂಡ ಕಂಡವರನ್ನೆಲ್ಲ ಹಿಡಿದು ಓದುಗರನ್ನಾಗಿ ಮಾಡುವುದರಲ್ಲಿ ನಿಸ್ಸೀಮ. ಹಳೆಯ ಇಂಗ್ಲಿಷ್ ಗ್ರಂಥಗಳೇ ಅಚ್ಚಾಗಿಲ್ಲ, ಜನ ಓದುವುದೇನನ್ನು ಎಂದು ಅವುಗಳನ್ನು ಅಚ್ಚು ಹಾಕಿಸಲು ಬೇರೊಂದು ಸಂಘವನ್ನೇ ಕಟ್ಟಿದ. ಚೀಟಿಗಳನ್ನು ಜೋಡಿಸಲು ಒಂದೊಂದು ಅಕ್ಷರವನ್ನು ಒಬ್ಬೊಬ್ಬ ಉಪಸಂಪಾದಕನಿಗೆ ವಹಿಸಿಕೊಟ್ಟ. ಆದರೆ ಹಂಚಿದ್ದನ್ನು ಲೆಕ್ಕವಿಟ್ಟು ಹಿಂದಕ್ಕೆ ಪಡೆಯುವ ಗುಣ ಆತನಲ್ಲಿರಲಿಲ್ಲ. ಹೊಸ ಹೊಸ ಕೆಲಸಗಳತ್ತ ಆತನ ಮನಸ್ಸು ಹರಿಯಿತು. ಉಪಸಂಪಾದಕರು ಊರು ಬಿಟ್ಟರು, ಕೆಲವರು ಬೇಸತ್ತು ಬಿಟ್ಟರು, ಕೆಲವರು ಸತ್ತರು. ಕಟ್ಟುಗಳು ಅಲ್ಲಲ್ಲೇ ಉಳಿದವು. ಹದಿನೆಂಟು ವರ್ಷ ಕಳೆದರೂ ನಿಘಂಟಿನ ಒಂದು ಪುಟವೂ ಅಚ್ಚಾಗಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಜನರಿಗೆ ಆಸಕ್ತಿ ಇರಲಿಲ್ಲವೆಂದಲ್ಲ. ಚೀಟಿಗಳು ಬಾರದೆ ಇರಲಿಲ್ಲ. ಎರಡು ಟನ್ ಚೀಟಿ ಬಂದಿತ್ತು! ಸೋತಿದ್ದು ಜನರಲ್ಲ, ಏರ್ಪಾಟು.

ಕಬ್ಬಿಣದ ಕೊಠಡಿ

ಜೇಮ್ಸ್ ಮರ್ರೆ ಸ್ಕಾಟ್ಲೆಂಡಿನ ಡೆನ್‌ಹಾಮ್ ಎಂಬ ಹಳ್ಳಿಯಲ್ಲಿ 1837ರಲ್ಲಿ ಹುಟ್ಟಿದವನು. ಬಡತನದಿಂದಾಗಿ 14ನೆಯ ವಯಸ್ಸಿಗೇ ಶಾಲೆ ಬಿಟ್ಟು, ತಾನೇ ಓದಿಕೊಂಡು ಹಲವಾರು ಭಾಷೆಗಳನ್ನು ಕಲಿತವನು. 1879ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಆತನೊಂದಿಗೆ ಕರಾರು ಮಾಡಿಕೊಂಡಿತು. ಹತ್ತು ವರ್ಷಗಳಲ್ಲಿ ನಾಲ್ಕು ಸಂಪುಟಗಳು ಎಂಬುದು ಮಾತು.

ಮರ್ರೆ ಮೊದಲು ಮಾಡಿದ ಕೆಲಸ ಕಟ್ಟಡ ಕಟ್ಟಿಸಿದ್ದು. ಮನೆಯ ಅಂಗಳದಲ್ಲಿ ತಗಡಿನ ಒಂದು ಕೊಠಡಿ ಎದ್ದು ನಿಂತಿತು. ಅದಕ್ಕೆ ‘ಸ್ಕ್ರಿಪ್ಟೋರಿಯಂ’ ಎಂಬ ಗಂಭೀರ ಹೆಸರು. ಒಳಗೆ ಗೋಡೆಗೆ ಹೊಂದಿಸಿದ 1,029 ಖಾನೆಗಳು. ಕೋಲ್‌ರಿಜ್‌ನ 54 ಎಲ್ಲಿ, ಇದೆಲ್ಲಿ! ಎರಡನೆಯ ಕೆಲಸ, ಚೀಲಗಳಲ್ಲಿದ್ದ ಚೀಟಿಗಳನ್ನು ಬಿಡಿಸಿ ಪರೀಕ್ಷಿಸಿದ್ದು. ಆಗ ವಿಚಿತ್ರವೊಂದು ಬೆಳಕಿಗೆ ಬಂತು. ‘ಅಬ್ಯೂಷನ್’ ಎಂಬ ಸತ್ತುಹೋದ ಅಪರೂಪದ ಪದಕ್ಕೆ ಸುಮಾರು 50 ಉದಾಹರಣೆಗಳಿದ್ದವು. ಎಲ್ಲರೂ ದಿನಾ ಬಳಸುವ ‘ಅಬ್ಯೂಸ್’ ಎಂಬ ಪದಕ್ಕೆ ಐದೂ ಇರಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ನಾಳೆ ಯಾರಾದರೂ ನಮ್ಮ ಕೈಗೆ ಹಳಗನ್ನಡ ಕಾವ್ಯವೊಂದನ್ನು ಕೊಟ್ಟು ಪದಗಳನ್ನು ಆರಿಸಿಕೊಡಿ ಎಂದರೆ ನಾವು ಬರೆದುಕೊಳ್ಳುವುದು ಅರ್ಥವಾಗದ ಕಠಿಣ ಪದಗಳನ್ನೇ. ‘ಮಾಡು’, ‘ಹೋಗು’, ‘ನೀರು’ ಇವುಗಳನ್ನು ಯಾರು ಬರೆದುಕೊಳ್ಳುತ್ತಾರೆ? ಆದರೆ ನಿಘಂಟುಕಾರನಿಗೆ ಅತ್ಯಂತ ಕಷ್ಟ ಕೊಡುವುದು ಇಂಥ ಸಾಮಾನ್ಯ ಪದಗಳೇ. ಹತ್ತಾರು ಅರ್ಥಗಳಲ್ಲಿ ಬಳಕೆಯಾಗುವುದೂ ಅವೇ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಬ್ಬ ಓದುಗನೂ ಜಾಣನಾಗಿಯೇ ಆರಿಸಿದ್ದ. ಎಲ್ಲರ ಆಯ್ಕೆ ಒಟ್ಟು ಸೇರಿದಾಗ ಭಾಷೆಯ ಮುಖವೇ ಸೊಟ್ಟಗಾಗಿತ್ತು.

ತಪ್ಪು ಓದುಗರದಲ್ಲ, ಅವರಿಗೆ ಕೊಟ್ಟ ಸೂಚನೆಯದು ಎಂಬುದು ಮರ್ರೆಗೆ ಹೊಳೆಯಿತು. 1879ರ ಏಪ್ರಿಲಿನಲ್ಲಿ ಆತ ಇಂಗ್ಲಿಷ್ ಬಲ್ಲ ಸಾರ್ವಜನಿಕರಿಗೆಲ್ಲ ಒಂದು ಮನವಿಯನ್ನು ಅಚ್ಚು ಹಾಕಿಸಿದ. ಮೂರು ವರ್ಷಗಳ ಮಟ್ಟಿಗೆ ಸಾವಿರ ಮಂದಿ ಓದುಗರು ಬೇಕು ಎಂಬುದು ಅದರ ತಿರುಳು. ಯಾವ ಯಾವ ಪುಸ್ತಕಗಳನ್ನು ಓದಬೇಕಾಗಿದೆ ಎಂಬ ಪಟ್ಟಿಯೂ ಜೊತೆಗಿತ್ತು. ಅಪರೂಪದ ಪದಗಳ ಜೊತೆಗೆ, ಸಾಧಾರಣ ಪದಗಳಿಗೂ ಸಾಧ್ಯವಾದಷ್ಟು ಉದಾಹರಣೆ ಕೊಡಿ ಎಂದು ಸ್ಪಷ್ಟವಾಗಿ ಹೇಳಲಾಗಿತ್ತು. ಪುಸ್ತಕದ ಅಂಗಡಿಗಳಲ್ಲಿ, ಗ್ರಂಥಾಲಯಗಳಲ್ಲಿ, ಪತ್ರಿಕೆಗಳ ಮೂಲಕ ಮನವಿ ಹರಡಿತು. ಅಮೆರಿಕದ ಓದುಗರನ್ನು ನೋಡಿಕೊಳ್ಳಲು ಫ್ರಾನ್ಸಿಸ್ ಮಾರ್ಚ್ ಎಂಬ ಪ್ರಾಧ್ಯಾಪಕ ಮುಂದೆ ಬಂದ. ದಿನಕ್ಕೆ ಸಾವಿರ ಚೀಟಿಗಳು ಬರತೊಡಗಿದವು. 1880ರ ಹೊತ್ತಿಗೆ ಸಂಗ್ರಹ 25 ಲಕ್ಷ ಮುಟ್ಟಿತು.

ಒಂದು ಚೀಟಿಯ ಪ್ರಯಾಣ

ಓದುಗ ಮಾಡಬೇಕಾದ ಕೆಲಸ ಇಷ್ಟೆ. ಚೀಟಿಯ ಎಡ ಮೂಲೆಯಲ್ಲಿ ಪದ. ಅದರ ಕೆಳಗೆ ಪುಸ್ತಕದ ಇಸವಿ, ಲೇಖಕನ ಹೆಸರು, ಪುಸ್ತಕದ ಹೆಸರು, ಪುಟ ಸಂಖ್ಯೆ. ಆಮೇಲೆ ಆ ಪದ ಬಂದಿರುವ ಪೂರ್ಣ ವಾಕ್ಯ, ಅಕ್ಷರವೂ ತಪ್ಪದಂತೆ. ಒಂದು ಚೀಟಿಗೆ ಒಂದೇ ಪದ. ಅರ್ಥ ಹೇಳುವ ಹೊಣೆ ಓದುಗನದಲ್ಲ, ವ್ಯುತ್ಪತ್ತಿ ಗೊತ್ತಿರಬೇಕಾಗಿಲ್ಲ. ಓದು ಬರಹ, ಪ್ರಾಮಾಣಿಕತೆ, ತಾಳ್ಮೆ ಈ ಮೂರಿದ್ದರೆ ಸಾಕು. ಕೆಲಸವನ್ನು ಇಷ್ಟು ಸಣ್ಣದು ಮಾಡಿದ್ದರಿಂದಲೇ ಪಂಡಿತರಲ್ಲದವರೂ ಪಾಂಡಿತ್ಯದ ಕೆಲಸದಲ್ಲಿ ಪಾಲ್ಗೊಳ್ಳುವುದು ಸಾಧ್ಯವಾಯಿತು.

ಸ್ಕ್ರಿಪ್ಟೋರಿಯಂ ತಲುಪಿದ ಚೀಟಿ ಮೊದಲು ಅಕಾರಾದಿಯಾಗಿ ವಿಂಗಡಣೆಯಾಗುತ್ತಿತ್ತು. ಮರ್ರೆಗೆ ಹನ್ನೊಂದು ಮಕ್ಕಳು. ಚಿಲ್ಲರೆ ಕಾಸಿನ ಆಸೆಗೆ ಅವರೆಲ್ಲ ಕುಳಿತು ಚೀಟಿ ವಿಂಗಡಿಸುತ್ತಿದ್ದರು. ಅನಂತರ ಒಂದೊಂದು ಪದದ ಚೀಟಿಗಳೂ ಕಾಲಾನುಕ್ರಮದಲ್ಲಿ ಸೇರುತ್ತಿದ್ದವು. ಆಮೇಲೆ ಉಪಸಂಪಾದಕರು ಅವುಗಳನ್ನು ಅರ್ಥದ ಪ್ರಕಾರ ಗುಂಪು ಮಾಡಿ ಕರಡು ವಿವರಣೆ ಬರೆಯುತ್ತಿದ್ದರು. ಇವರಲ್ಲಿ ಅನೇಕರು ಸ್ವಯಂಸೇವಕರೇ. ಕೊನೆಗೆ ಕಟ್ಟು ಮರ್ರೆಯ ಮೇಜಿಗೆ.

ಪತ್ರಿಕಾ ಕಚೇರಿಯಲ್ಲಿ ದುಡಿಯುವವರಿಗೆ ಈ ಏರ್ಪಾಟು ಅಪರಿಚಿತವಲ್ಲ. ತಾಲ್ಲೂಕು ತಾಲ್ಲೂಕಿನಿಂದ ನಾಲ್ಕು ಸಾಲಿನ ಸುದ್ದಿಗಳು ಬರುತ್ತವೆ. ಮಳೆ ಇಲ್ಲಿ ಇಷ್ಟು, ಅಲ್ಲಿ ಇಷ್ಟು. ಅವು ಒಂದೊಂದೂ ಪೂರ್ಣ ಚಿತ್ರವಲ್ಲ. ಡೆಸ್ಕಿನಲ್ಲಿ ಕುಳಿತ ಉಪಸಂಪಾದಕ ಅವುಗಳನ್ನು ತಾಳೆ ನೋಡಿ ಜೋಡಿಸಿದಾಗಲೇ ರಾಜ್ಯದಲ್ಲಿ ಬರ ಬಂದಿದೆ ಎಂಬ ಸುದ್ದಿ ಹುಟ್ಟುವುದು. ಅಲ್ಲಿಯೂ ಇಲ್ಲಿಯೂ ಕಷ್ಟದ ಭಾಗ ಒಂದೇ: ಜೋಡಿಸುವುದು. ಮರ್ರೆಯ ಹಿಂದಿನವರು ಹಂಚುವುದನ್ನು ಬಲ್ಲವರಾಗಿದ್ದರು. ಜೋಡಿಸುವುದಕ್ಕೂ ಅಷ್ಟೇ ಯೋಜನೆ ಬೇಕು ಎಂದು ಕಂಡುಕೊಂಡದ್ದು ಮರ್ರೆಯ ಹೆಚ್ಚುಗಾರಿಕೆ.

ಹಾಗಿದ್ದೂ ಎಡವಟ್ಟುಗಳು ತಪ್ಪಲಿಲ್ಲ. ‘ಬಾಂಡ್‌ಮೇಡ್’, ಅಂದರೆ ದಾಸಿ ಎಂಬ ಅರ್ಥದ ಪದದ ಚೀಟಿಗಳು ಎಲ್ಲೋ ಕಣ್ತಪ್ಪಿ ಬಿದ್ದುಹೋದವು. ಪದವಿಲ್ಲದೆಯೇ ಆ ಭಾಗ ಅಚ್ಚಾಯಿತು. ಅದು ನಿಘಂಟಿಗೆ ಸೇರಿದ್ದು 1933ರ ಪುರವಣಿಯಲ್ಲಿ. ಲಕ್ಷಗಟ್ಟಲೆ ಚೀಟಿಗಳ ನಡುವೆ ಒಂದು ಕಟ್ಟು ಕಳೆದರೆ ಒಂದು ಪದವೇ ಭಾಷೆಯಿಂದ ಕಾಣೆಯಾದಂತೆ.

ಕಾಣದ ಕೈಗಳು

1884ರಲ್ಲಿ ಮೊದಲ ಕಂತು ಹೊರಬಂತು. 352 ಪುಟಗಳು. ಐದು ವರ್ಷ ದುಡಿದು ತಲುಪಿದ್ದು ‘ಎ’ ಅಕ್ಷರದಿಂದ ‘ಆ್ಯಂಟ್’, ಅಂದರೆ ಇರುವೆಯವರೆಗೆ! ಹತ್ತು ವರ್ಷದ ಕರಾರು ಅಲ್ಲಿಗೆ ಗಾಳಿಗೆ ಹೋಯಿತು. ಮರುವರ್ಷ ಮರ್ರೆ ಶಾಲೆಯ ಕೆಲಸ ಬಿಟ್ಟು ಆಕ್ಸ್‌ಫರ್ಡಿಗೆ ಮನೆ ಬದಲಾಯಿಸಿದ. ಬರುವ ಹೋಗುವ ಟಪಾಲು ಎಷ್ಟಿತ್ತೆಂದರೆ ಅಂಚೆ ಇಲಾಖೆ ಆತನ ಮನೆಯ ಎದುರಿಗೇ ಒಂದು ಕೆಂಪು ಡಬ್ಬ ನೆಟ್ಟಿತು. ‘ಮಿಸ್ಟರ್ ಮರ್ರೆ, ಆಕ್ಸ್‌ಫರ್ಡ್’ ಎಂದಷ್ಟೇ ಬರೆದರೂ ಕಾಗದ ತಲುಪುತ್ತಿತ್ತು.

1888ರಲ್ಲಿ ಮೊದಲ ಸಂಪುಟ ಪೂರ್ಣವಾದಾಗ ಅದರ ಮುನ್ನುಡಿಯಲ್ಲಿ ಓದುಗರ ಹೆಸರುಗಳನ್ನು ನೆನೆಯಲಾಯಿತು. ಅಷ್ಟರಲ್ಲಿ ಸುಮಾರು 1,300 ಮಂದಿ ಚೀಟಿ ಕಳಿಸಿದ್ದರು. ಥಾಮಸ್ ಆಸ್ಟಿನ್ ಎಂಬಾತ ಒಬ್ಬನೇ 1,65,000 ಚೀಟಿಗಳನ್ನು ಬರೆದಿದ್ದ. ಲಂಡನ್ನಿನ ವಿಲಿಯಂ ಡಗ್ಲಾಸ್ 1,36,000. ಇತಿಹಾಸಕಾರ್ತಿ ಎಡಿತ್ ಥಾಂಪ್ಸನ್ ಮತ್ತು ಆಕೆಯ ತಂಗಿ ಸೇರಿ 15,000 ಚೀಟಿ ಕಳಿಸಿದ್ದರು. ಎಡಿತ್ ಮುಂದೆ ದಶಕಗಳ ಕಾಲ ಕರಡಚ್ಚು ತಿದ್ದುವ ಹೊಣೆಯನ್ನೂ ಹೊತ್ತಳು.

ಇಬ್ಬರ ಕಥೆಯನ್ನಂತೂ ಹೇಳಲೇಬೇಕು. ಮೊದಲನೆಯವನು ಫಿಟ್ಜ್‌ಎಡ್ವರ್ಡ್ ಹಾಲ್. ಅಮೆರಿಕದಲ್ಲಿ ಹುಟ್ಟಿದ ಈತ ಓಡಿಹೋದ ತಮ್ಮನನ್ನು ಹುಡುಕುತ್ತ 1846ರಲ್ಲಿ ಭಾರತಕ್ಕೆ ಹಡಗು ಹತ್ತಿದ. ಗಂಗೆಯ ಮುಖದಲ್ಲಿ ಹಡಗು ಒಡೆಯಿತು. ಇಲ್ಲಿಯೇ ಉಳಿದು ಹಿಂದಿ, ಸಂಸ್ಕೃತ ಕಲಿತು ಕಾಶಿಯ ಸಂಸ್ಕೃತ ಕಾಲೇಜಿನಲ್ಲಿ ಅಧ್ಯಾಪಕನಾದ. ಸಂಸ್ಕೃತ ಗ್ರಂಥವೊಂದನ್ನು ಸಂಪಾದಿಸಿದ ಮೊದಲ ಅಮೆರಿಕನ್ ಈತನೇ. ಆಮೇಲೆ ಲಂಡನ್ನಿನಲ್ಲಿ ಪ್ರಾಧ್ಯಾಪಕನಾಗಿ, ವಿದ್ವಾಂಸರೊಂದಿಗೆ ಜಗಳವಾಡಿ, ಕೆಲಸ ಕಳೆದುಕೊಂಡು, ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಒಂಟಿಯಾಗಿ ಕುಳಿತ. ಆ ಒಂಟಿತನದಲ್ಲಿ ಕೈಗೆ ಸಿಕ್ಕಿದ್ದು ಮರ್ರೆಯ ನಿಘಂಟು. 1901ರಲ್ಲಿ ಸಾಯುವವರೆಗೆ ಸುಮಾರು ಇಪ್ಪತ್ತು ವರ್ಷ, ದಿನಕ್ಕೆ ಹಲವು ಗಂಟೆ ಅದಕ್ಕಾಗಿ ದುಡಿದ. ಒಂದು ಕಾಸೂ ಪಡೆಯಲಿಲ್ಲ. ಮರ್ರೆಯನ್ನು ಒಮ್ಮೆಯೂ ಮುಖತಃ ಕಾಣಲಿಲ್ಲ.

ಎರಡನೆಯವನು ವಿಲಿಯಂ ಚೆಸ್ಟರ್ ಮೈನರ್. ಅಮೆರಿಕದ ಸೇನೆಯಲ್ಲಿ ಶಸ್ತ್ರವೈದ್ಯನಾಗಿದ್ದ ಈತನಿಗೆ ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆ ಎಂಬ ಭ್ರಮೆ. 1872ರಲ್ಲಿ ಲಂಡನ್ನಿನ ಬೀದಿಯಲ್ಲಿ, ಮುಂಜಾವ ಕೆಲಸಕ್ಕೆ ಹೊರಟಿದ್ದ ನಿರಪರಾಧಿ ಕಾರ್ಮಿಕನೊಬ್ಬನನ್ನು ಗುಂಡಿಟ್ಟು ಕೊಂದ. ಆ ಕಾರ್ಮಿಕನಿಗೆ ಆರು ಮಕ್ಕಳು, ಗರ್ಭಿಣಿ ಹೆಂಡತಿ. ನ್ಯಾಯಾಲಯ ಮೈನರನನ್ನು ಬ್ರಾಡ್‌ಮೂರ್ ಹುಚ್ಚಾಸ್ಪತ್ರೆಗೆ ಕಳಿಸಿತು. ಅಲ್ಲಿನ ಕೋಣೆಯಲ್ಲಿ ಪುಸ್ತಕಗಳನ್ನು ತುಂಬಿಕೊಂಡು ಆತ ನಿಘಂಟಿಗಾಗಿ ಓದತೊಡಗಿದ. ಆತನ ಕ್ರಮವೇ ಬೇರೆ. ಸಿಕ್ಕ ಪದವನ್ನೆಲ್ಲ ಕಳಿಸುವ ಬದಲು ಪ್ರತಿ ಪುಸ್ತಕಕ್ಕೂ ಪದಸೂಚಿ ಮಾಡಿಟ್ಟುಕೊಂಡು, ಮರ್ರೆ ಈಗ ಯಾವ ಪದದ ಮೇಲೆ ಕೆಲಸ ಮಾಡುತ್ತಿದ್ದಾನೆ ಎಂದು ಕೇಳಿ ತಿಳಿದು, ಅದಕ್ಕೆ ಬೇಕಾದ ವಾಕ್ಯಗಳನ್ನೇ ಕಳಿಸುತ್ತಿದ್ದ. ಕೈದಿ ಎಂದು ತಿಳಿಯದೆ ಮರ್ರೆ ಆತನ ಬಂಗಲೆ ಹುಡುಕಿಕೊಂಡು ಹೋದ ಎಂಬ ರೋಚಕ ಕಥೆ ಪತ್ರಿಕೆಗಳಲ್ಲಿ ಬಹುಕಾಲ ಓಡಾಡಿತು. ಅದು ನಿಜವಲ್ಲ, ಮರ್ರೆಗೆ ಮೊದಲೇ ವಿಷಯ ಗೊತ್ತಿತ್ತು. ಗೊತ್ತಿದ್ದೂ ಗೆಳೆಯನಾದ. ಚೀಟಿ ಬರೆದವನ ಹಣೆಬರಹ ಚೀಟಿಯ ಮೇಲೆ ಕಾಣುವುದಿಲ್ಲ. ವಾಕ್ಯ ಸರಿಯಿದೆಯೆ, ಇಸವಿ ಸರಿಯಿದೆಯೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ.

ಊಟದ ಪಂಕ್ತಿ

ಮರ್ರೆ ನಿಘಂಟು ಮುಗಿದದ್ದನ್ನು ನೋಡಲಿಲ್ಲ. 1915ರ ಜುಲೈನಲ್ಲಿ, ‘ಟಿ’ ಅಕ್ಷರದ ಕೆಲಸದಲ್ಲಿದ್ದಾಗಲೇ ತೀರಿಕೊಂಡ. ಹೆನ್ರಿ ಬ್ರಾಡ್ಲಿ, ವಿಲಿಯಂ ಕ್ರೇಗಿ, ಚಾರ್ಲ್ಸ್ ಅನಿಯನ್ಸ್ ಮುಂದುವರಿಸಿದರು. ಕೊನೆಯ ಭಾಗ ಹೊರಬಂದದ್ದು 1928ರಲ್ಲಿ. ವಿವರಿಸಿದ ಪದಗಳು 4,14,825. ಅಚ್ಚಾದ ಉದಾಹರಣೆಗಳು 18,27,306. ಸಂಗ್ರಹವಾಗಿದ್ದ ಚೀಟಿಗಳು ಸುಮಾರು 50 ಲಕ್ಷ. ಅಂದರೆ ಬಂದ ಮೂರರಲ್ಲಿ ಎರಡು ಚೀಟಿಗಳು ಪುಸ್ತಕದಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಅವು ವ್ಯರ್ಥವಾದವು ಎನ್ನಬಹುದೆ? ಹತ್ತು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೇ ಮೂರನ್ನು ಆರಿಸುವುದು ಸಾಧ್ಯ.

ಆ ವರ್ಷದ ಜೂನಿನಲ್ಲಿ ಲಂಡನ್ನಿನಲ್ಲಿ ದೊಡ್ಡ ಔತಣ ನಡೆಯಿತು. ಪ್ರಧಾನಿ ಸ್ಟಾನ್ಲಿ ಬಾಲ್ಡ್‌ವಿನ್ ಬಂದು ಭಾಷಣ ಮಾಡಿದರು. ಆದರೆ ಊಟದ ಪಂಕ್ತಿಯಲ್ಲಿ ಹೆಂಗಸರಿಗೆ ಎಲೆ ಹಾಕಿರಲಿಲ್ಲ. ನಿಘಂಟಿಗಾಗಿ ವರ್ಷಗಟ್ಟಲೆ ದುಡಿದಿದ್ದ ಹೆಂಗಸರು ಮೇಲಿನ ಬಾಲ್ಕನಿಯಲ್ಲಿ ಕುಳಿತು, ಕೆಳಗೆ ಗಂಡಸರು ಉಣ್ಣುವುದನ್ನು ನೋಡಬೇಕಾಯಿತು. ಮುನ್ನುಡಿಯಲ್ಲಿ ಹೆಸರು ಸಿಕ್ಕರೂ ಪಂಕ್ತಿಯಲ್ಲಿ ಜಾಗ ಸಿಗಲಿಲ್ಲ. ಎಲ್ಲರೂ ಸೇರಿ ಮಾಡಿದ ಕೆಲಸದ ಗೌರವ ಎಲ್ಲರಿಗೂ ಸಲ್ಲುತ್ತದೆಯೆ ಎಂಬ ಪ್ರಶ್ನೆ ಅಂದೇ ಎದ್ದಿತ್ತು ಎನ್ನಬೇಕು.

ಕೂಡುವವರು, ಕಳೆಯುವವರು

ಸಣ್ಣ ಕೆಲಸಗಳ ಇನ್ನೊಂದು ಪರಂಪರೆಯೂ ಇದೆ. ಅಲ್ಲಿ ಪ್ರೀತಿಗಿಂತ ಕೂಲಿ ಮುಖ್ಯ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದ ಹಿರಿಯರಿಗೆ ಲಾಗ್ ಟೇಬಲ್ ಪುಸ್ತಕ ನೆನಪಿರಬೇಕು. 1790ರ ದಶಕದಲ್ಲಿ ಫ್ರಾನ್ಸಿನ ಕ್ರಾಂತಿ ಸರ್ಕಾರ ಅಂಥ ಕೋಷ್ಟಕಗಳನ್ನು ಬೃಹತ್ ಪ್ರಮಾಣದಲ್ಲಿ ತಯಾರಿಸುವ ಹೊಣೆಯನ್ನು ಗ್ಯಾಸ್ಪಾರ್ ದ ಪ್ರೊನಿ ಎಂಬ ಎಂಜಿನಿಯರನಿಗೆ ವಹಿಸಿತು. ಗುಂಡುಸೂಜಿ ಮಾಡುವ ಕೆಲಸವನ್ನು ಹಲವರಿಗೆ ಹಂಚಿದರೆ ಉತ್ಪಾದನೆ ಎಷ್ಟೋ ಪಟ್ಟು ಹೆಚ್ಚುತ್ತದೆ ಎಂದು ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲಿ ಬರೆದಿದ್ದ. ಲೆಕ್ಕವನ್ನೂ ಗುಂಡುಸೂಜಿಯ ಹಾಗೆ ಮಾಡಿದರೇನು ಎಂದು ಪ್ರೊನಿಗೆ ಹೊಳೆಯಿತು.

ಮೇಲಿನ ಹಂತದಲ್ಲಿ ಕೆಲವೇ ಗಣಿತಜ್ಞರು ಸೂತ್ರಗಳನ್ನು ಕೊಡುವುದು; ನಡುವಿನವರು ಅದನ್ನು ಸರಳ ಹೆಜ್ಜೆಗಳಾಗಿ ಒಡೆಯುವುದು; ಕೆಳಗಿನ ಹಂತದ ಹತ್ತಾರು ಮಂದಿ ಬರೇ ಕೂಡುವುದು, ಕಳೆಯುವುದು. ಕ್ರಾಂತಿಯಲ್ಲಿ ಸಿರಿವಂತರ ತಲೆಗಳ ಜೊತೆಗೆ ಅವರ ಭರ್ಜರಿ ಕೇಶವಿನ್ಯಾಸವೂ ಹೋದದ್ದರಿಂದ ಕೆಲಸ ಕಳೆದುಕೊಂಡ ಕ್ಷೌರಿಕರೂ ಈ ಕೆಳಗಿನ ಹಂತದಲ್ಲಿದ್ದರು ಎಂದು ಹೇಳುತ್ತಾರೆ. ಲಾಗರಿದಮ್ ಎಂದರೇನೆಂದು ತಿಳಿಯದವರು ಲಾಗರಿದಮ್ ಕೋಷ್ಟಕ ತಯಾರಿಸಿದರು. ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಇದನ್ನು ಕಂಡು ಬೆರಗಾದ. ಕೆಲಸ ಇಷ್ಟು ಸರಳವಾದರೆ ಅದನ್ನು ಮನುಷ್ಯನೇ ಏಕೆ ಮಾಡಬೇಕು, ಹಲ್ಲುಚಕ್ರಗಳು ಮಾಡಬಾರದೇಕೆ ಎಂಬುದು ಆತನ ಆಲೋಚನೆಯ ದಿಕ್ಕು. ಗಣಕಯಂತ್ರದ ಇತಿಹಾಸ ಶುರುವಾಗುವುದು ಇಲ್ಲಿಂದಲೇ ಎನ್ನುವವರಿದ್ದಾರೆ. ಕೆಲಸವನ್ನು ಸಣ್ಣದು ಮಾಡುವುದು ಜನರನ್ನು ಒಳಗೆ ಕರೆಯುವ ಬಾಗಿಲೂ ಹೌದು, ಹೊರಗೆ ಕಳಿಸುವ ಬಾಗಿಲೂ ಹೌದು.

ನಮ್ಮಲ್ಲಿ

ಮರ್ರೆ ತೀರಿಕೊಂಡ 1915ರಲ್ಲಿಯೇ, ಎರಡೂವರೆ ತಿಂಗಳಷ್ಟು ಮೊದಲು, ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತ್ತು. ಆ ವೇಳೆಗೆ ಕನ್ನಡಕ್ಕೆ ರೆವರೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಂದಾಗಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಅದು ದೇಶೀಯ ಪಂಡಿತರ ನೆರವಿನಿಂದ ಒಬ್ಬ ವಿದ್ವಾಂಸ ಮಾಡಿದ ಅಸಾಧಾರಣ ಕೆಲಸ. ಆದರೆ ಪದಗಳ ಜೀವನಚರಿತ್ರೆ ಹೇಳುವ ಕನ್ನಡ–ಕನ್ನಡ ನಿಘಂಟು ಬೇಕೆಂಬ ಹಂಬಲದಿಂದ ಪರಿಷತ್ತು 1940ರ ದಶಕದಲ್ಲಿ ಕೆಲಸ ಆರಂಭಿಸಿತು.

ಇಲ್ಲಿಯೂ ದಾರಿ ಅದೇ. ಶಾಸನಗಳಿಂದ, ಹಳಗನ್ನಡ ಕಾವ್ಯಗಳಿಂದ, ವಚನ ಕೀರ್ತನೆಗಳಿಂದ, ಹೊಸಗನ್ನಡದ ಕೃತಿಗಳಿಂದ ಪ್ರಯೋಗಗಳನ್ನು ಹೆಕ್ಕಿ ಚೀಟಿಗಳಿಗೆ ಇಳಿಸುವುದು, ಅಕಾರಾದಿಯಾಗಿ ಜೋಡಿಸುವುದು, ಅರ್ಥ ನಿಷ್ಕರ್ಷೆ ಮಾಡುವುದು. ಡಿ.ಎಲ್. ನರಸಿಂಹಾಚಾರ್ ಅವರಂಥ ಘನ ವಿದ್ವಾಂಸರು ಅದಕ್ಕೆ ಹೆಗಲು ಕೊಟ್ಟರು. ಮೊದಲ ಸಂಪುಟ 1970ರಲ್ಲಿ, ಎಂಟನೆಯ ಹಾಗೂ ಕೊನೆಯ ಸಂಪುಟ 1995ರಲ್ಲಿ ಪ್ರಕಟವಾದವು. ಆ ಕೆಲಸವನ್ನು ದಡ ಮುಟ್ಟಿಸಿದ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ, 107ನೆಯ ವಯಸ್ಸಿನಲ್ಲಿ ನಿಧನರಾದರು. ಪತ್ರಿಕೆಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳುತ್ತಿದ್ದ ಪದಗಳಿಗೆ ಅವರು ಕೊಡುತ್ತಿದ್ದ ಉತ್ತರಗಳನ್ನು ಹಲವರು ಇಂದಿಗೂ ಕತ್ತರಿಸಿ ಇಟ್ಟುಕೊಂಡಿದ್ದಾರೆ. ವೆಂಕಟಸುಬ್ಬಯ್ಯನವರ ಹೆಸರು ನಾಡಿಗೆಲ್ಲ ಗೊತ್ತು. ಆ ಚೀಟಿಗಳನ್ನು ಬರೆದ ಕೈಗಳ ಹೆಸರು ಎಷ್ಟು ಮಂದಿಗೆ ಗೊತ್ತು?

ಇಂದಿನ ಚೀಟಿ

ಚೀಟಿ ಬರೆಯುವ ಕಾಲ ಮುಗಿಯಿತು ಎಂದುಕೊಂಡರೆ ತಪ್ಪು. ಕಾಗದ ಹೋಗಿದೆ, ಚೀಟಿ ಉಳಿದಿದೆ. ಕಂಪ್ಯೂಟರಿನ ಪರದೆಯ ಮೇಲೆ ಸೊಟ್ಟ ಸೊಟ್ಟ ಅಕ್ಷರದ ಎರಡು ಪದಗಳನ್ನು ತೋರಿಸಿ, ನೀವು ಮನುಷ್ಯರೆಂದು ಸಾಬೀತು ಮಾಡಲು ಅವುಗಳನ್ನು ಟೈಪ್ ಮಾಡಿ ಎನ್ನುತ್ತಿದ್ದುದು ಅನೇಕರಿಗೆ ನೆನಪಿರಬಹುದು. 2007ರಲ್ಲಿ ಅಮೆರಿಕದಲ್ಲಿ ಶುರುವಾದ ‘ರೀಕ್ಯಾಪ್ಚಾ’ ಎಂಬ ಆ ಏರ್ಪಾಟಿನಲ್ಲಿ ಒಂದು ಪದದ ಉತ್ತರ ಯಂತ್ರಕ್ಕೆ ಗೊತ್ತಿತ್ತು. ಇನ್ನೊಂದು, ಹಳೆಯ ಪತ್ರಿಕೆ ಪುಸ್ತಕಗಳನ್ನು ಗಣಕೀಕರಿಸುವಾಗ ಯಂತ್ರಕ್ಕೆ ಓದಲಾಗದೆ ಉಳಿದ ಪದ. ಗೊತ್ತಿದ್ದ ಪದವನ್ನು ಸರಿಯಾಗಿ ಟೈಪ್ ಮಾಡಿದವನ ಇನ್ನೊಂದು ಉತ್ತರವನ್ನೂ ನಂಬಿ, ಹಲವರ ಉತ್ತರಗಳನ್ನು ತಾಳೆ ನೋಡಿ, ಹಳೆಯ ಪತ್ರಿಕೆಯ ಪುಟಗಳನ್ನು ಅಕ್ಷರ ಅಕ್ಷರವಾಗಿ ಕಟ್ಟಲಾಯಿತು. ಕೋಟ್ಯಂತರ ಜನ ತಮಗೆ ಅರಿವಿಲ್ಲದೆಯೇ ಚೀಟಿ ಬರೆದರು. ಮರ್ರೆಯ ಓದುಗನಿಗೆ ತಾನು ಯಾವುದರ ಪಾಲುದಾರ ಎಂದು ಗೊತ್ತಿತ್ತು. ಇವರಿಗೆ ಅದೂ ಇಲ್ಲ.

ಈಗ ಯಂತ್ರಗಳಿಗೆ ಭಾಷೆ ಕಲಿಸುವ ಕಾಲ. ಅದಕ್ಕೆ ಬೇಕಾದ ಮಾತಿನ ಸಂಗ್ರಹಕ್ಕೆ ದಕ್ಷಿಣ ಕರ್ನಾಟಕದ ಹಳ್ಳಿಗಳ ಹೆಂಗಸರು ಮೊಬೈಲ್ ಹಿಡಿದು ಕನ್ನಡ ವಾಕ್ಯಗಳನ್ನು ಒಂದೊಂದಾಗಿ ಓದಿ ಕೊಟ್ಟಿದ್ದಾರೆ. 2023ರಲ್ಲಿ ಇದು ಹೊರದೇಶಗಳ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಕೆಲಸ ಮಾಡಿಸಿದ ‘ಕಾರ್ಯ’ ಎಂಬ ಬೆಂಗಳೂರಿನ ಸಂಸ್ಥೆ ಒಳ್ಳೆಯ ಕೂಲಿಯ ಜೊತೆಗೆ, ಆ ಸಂಗ್ರಹ ಮತ್ತೆ ಮಾರಾಟವಾದರೆ ಓದಿದವರಿಗೂ ಪಾಲು ಎಂಬ ನಿಯಮವನ್ನು ಇಟ್ಟುಕೊಂಡಿತು. ಎಲ್ಲ ಕಡೆಯೂ ಹಾಗೆ ನಡೆಯುತ್ತಿಲ್ಲ. ಯಂತ್ರ ಕನ್ನಡದಲ್ಲಿ ಮಾತಾಡಿದಾಗ ನಾವು ಯಂತ್ರವನ್ನು ಹೊಗಳುತ್ತೇವೆ. ಅದರೊಳಗಿರುವುದು ಜಗಲಿಯ ಮೇಲೆ ಕುಳಿತು ವಾಕ್ಯ ಓದಿದ ಒಬ್ಬಾಕೆಯ ದನಿ ಎಂಬುದು ಹೊಳೆಯುವುದಿಲ್ಲ.

ಆಕ್ಸ್‌ಫರ್ಡ್ ನಿಘಂಟಿನ ಇತಿಹಾಸ ಹೇಳುವುದು ಮೂರೇ ಮಾತು. ಸಣ್ಣ ಕೆಲಸಕ್ಕೆ ಸ್ಪಷ್ಟ ಸೂಚನೆ ಬೇಕು. ಇಲ್ಲದಿದ್ದರೆ ‘ಅಬ್ಯೂಷನ್’ ಐವತ್ತು, ‘ಅಬ್ಯೂಸ್’ ಐದು. ಹಂಚಿದ್ದನ್ನು ಕೂಡಿಸಿ ತಾಳೆ ನೋಡುವ ತಾಳ್ಮೆಯ ಕೈ ಬೇಕು. ಇಲ್ಲದಿದ್ದರೆ ಚೀಲ ಇಲಿಯ ಪಾಲು. ಮೂರನೆಯದು, ದುಡಿದವರಿಗೆ ಪಂಕ್ತಿಯಲ್ಲಿ ಜಾಗ ಬೇಕು. ಮೊದಲ ಎರಡನ್ನು ಮನುಷ್ಯರು ಕಲಿತು ನೂರೈವತ್ತು ವರ್ಷಗಳಾಗುತ್ತ ಬಂದವು. ಮೂರನೆಯದನ್ನು ಇನ್ನೂ ಕಲಿಯುತ್ತಿದ್ದಾರೆ.